ಉಸಿರಿನ ಪಂಕ್ತಿಭೇದ

ವಿದ್ಯೆ, ರೂಪ, ಸಂಪತ್ತುಗಳ ಅಹಂಕಾರವನ್ನು ತ್ಯಜಿಸಬೇಕೆಂದು ಹಿರಿಯರು ಬೋಧಿಸಿದ್ದಾರೆ. ಉಸಿರಿನ ಅಹಂಕಾರದ ವಿಷಯವನ್ನು ಯಾರೂ ಎತ್ತಿದ್ದನ್ನು ಕಾಣೆ. ಆದ್ದರಿಂದ ನಾನು ಅದನ್ನು ನಿಶ್ಚಿಂತೆಯಿಂದ ಇಟ್ಟುಕೊಂಡಿದ್ದೆ. ಪಾಠಶಾಲೆಯಲ್ಲಿ ಕಲಿತ ಪ್ರಾಣಾಯಾಮವನ್ನು ಅಮೆರಿಕದ ಫ್ರೀಮಾಂಟಿನಲ್ಲಿರುವ ಮಗಳ ಮನೆಯಲ್ಲಿಯೂ ತಪ್ಪಿಸಿದವನಲ್ಲ. ಒಣಕೆಮ್ಮು ಹಿಡಿದು, ಪೂಜೆಯ ಮಂತ್ರ ಅರ್ಧಕ್ಕೇ ತುಂಡಾಗತೊಡಗಿದಾಗಲೂ ಆ ಊರಿನ ಪಕ್ಕದ ಕೊಲ್ಲಿಯ ಶೀತಗಾಳಿಯನ್ನೇ ದೂರಿದೆ. ಮಗಳು ವಸುಧಾ ಒಪ್ಪಲಿಲ್ಲ. "ಅಪಾಯಿಂಟ್‌ಮೆಂಟು ಆಗಿದೆ ಅಪ್ಪ. ಸುಮ್ನೆ ಕಾರು ಹತ್ತಿ" ಎಂದಳು.

ಆಸ್ಪತ್ರೆಯಲ್ಲಿ ಒಬ್ಬ ತರುಣಿ ನನ್ನ ವಯಸ್ಸು, ಎತ್ತರಗಳನ್ನು ಕೇಳಿ ಯಂತ್ರಕ್ಕೆ ಒಪ್ಪಿಸಿದಳು. ಅರ್ಚನೆಗೆ ಮುನ್ನ ಅರ್ಚಕರು ಕೇಳುವಂತಿತ್ತು. ಗೋತ್ರವನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ, ಕೇಳಲಿಲ್ಲ. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಆಳವಾಗಿ ಎಳೆದುಕೊಂಡು ಬಲವಾಗಿ ಊದಲು ಹೇಳಿದಳು. ಮೂಗಿನ ಮುಂದೆ ಹಿಡಿದ ಹಿಟ್ಟಿನ ಕಣವೂ ಕದಲದಂತೆ ಉಸಿರು ಬಿಡಬೇಕೆಂಬುದು ನನ್ನ ಗುರುಗಳ ಆಜ್ಞೆ. ಹಾಗೆಯೇ ಬಿಟ್ಟೆ. ಯಂತ್ರ ತಿರಸ್ಕರಿಸಿತು. ಮತ್ತೊಮ್ಮೆ, ಇನ್ನೂ ಸೊಗಸಾಗಿ ಬಿಟ್ಟೆ. ಪುನಃ ತಿರಸ್ಕಾರ.

"ಅಪ್ಪ, ನೀವು ದೇವ್ರ ಮುಂದೆ ಕೂತಿಲ್ಲ! ಬರ್ತ್‌ಡೇ ಕ್ಯಾಂಡಲ್ ಆರಿಸೋ ಥರ ಊದಿ!" ಎಂದಳು ಪಕ್ಕದಲ್ಲಿದ್ದ ವಸುಧಾ.

ದೀಪವನ್ನು ಬಾಯಿಂದ ಊದಿ ಆರಿಸುವುದು ನಮ್ಮ ಮನೆತನದಲ್ಲಿ ನಿಷಿದ್ಧ. ಮನಸ್ಸಿನಲ್ಲೇ ಕ್ಷಮೆ ಬೇಡಿ ಊದಿದೆ. ಕೆಮ್ಮು ಬಂದು ಕಣ್ಣು ಕತ್ತಲಿಟ್ಟಿತು. ಸುಧಾರಿಸಿಕೊಂಡು ಮತ್ತೆ ಮತ್ತೆ ಊದಿದ ಮೇಲೆ ಯಂತ್ರ ಒಪ್ಪಿತು.

ವೈದ್ಯೆ ಮಂಡ್ಯದ ಕಡೆಯವರು. "ಕೊನೆಗೆ ಚೆನ್ನಾಗೇ ಊದಿದ್ದೀರ ಮೇಷ್ಟ್ರೇ. ಆದ್ರೆ ಇರಬೇಕಾದಷ್ಟು ಇಲ್ಲ."

"ಕೆಲವು ವರ್ಷಗಳ ಹಿಂದೆ ಇದೇ ಪರೀಕ್ಷೆಯಲ್ಲಿ ಸರಿಯಿದೆ ಎಂದಿದ್ದರಲ್ಲಮ್ಮ?"

"ಆಗ ಹೋಲಿಸ್ತಿದ್ದ ಪಟ್ಟಿ ಬೇರೆ. ನಮ್ಮ ದೇಶದೋರಿಗೆ ಶ್ವಾಸಕೋಶ ಚಿಕ್ಕದು ಅಂತ ಇರಬೇಕಾದ ಅಳತೆಯಲ್ಲೇ ಮೊದ್ಲೇ ಒಂದಿಷ್ಟು ಕಳೆದುಬಿಡೋರು. ಈಗ ಎಲ್ಲ ಜನಾಂಗಕ್ಕೂ ಒಂದೇ ಪಟ್ಟಿ. ಹಳೇದ್ರಲ್ಲಿ ನೋಡಿದ್ರೆ ಇವತ್ತೂ ನೀವು ಗಡಿಯೊಳಗೇ ಇದ್ದೀರ."

"ಹಾಗಾದರೆ ಹಳೆಯದರಲ್ಲೇ ನೋಡಿಬಿಡಿ, ತಾಯಿ."

ವೈದ್ಯೆ ನಕ್ಕರು. "ಪಟ್ಟಿ ಬದಲಾಯಿಸಿದ್ರೆ ಕೆಮ್ಮು ಹೋಗುತ್ತಾ ಮೇಷ್ಟ್ರೇ? ಸ್ಕ್ಯಾನು ಮಾಡ್ಸಿ."

ಸರ್ವ ಜೀವಿಗಳಲ್ಲೂ ಆಡುವುದು ಒಬ್ಬನೇ ಪರಮಾತ್ಮನ ಉಸಿರೆಂದು ದೇವಸ್ಥಾನದ ಭಾನುವಾರದ ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆ ಸಮತ್ವ ಕೊನೆಗೂ ಬಂದು ಎಲ್ಲರ ಸಾಲಿನಲ್ಲಿ ಎಲೆ ಹಾಕಿ ಕರೆದಾಗ, ನನ್ನನ್ನು ಹಳೆಯ ಬೇರೆ ಪಂಕ್ತಿಯಲ್ಲೇ ಕೂರಿಸಿ ಎಂದು ಬೇಡಿದವನೂ ನಾನೇ.

ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ತಳಭಾಗ ಮಾಸಿದ ಗಾಯದಂತೆ ಗಟ್ಟಿಯಾಗಿರುವುದು ಕಂಡಿತು. ಬಹುಶಃ ವರ್ಷಗಳ ಹಿಂದೆಯೇ ಆರಂಭವಾಗಿತ್ತಂತೆ. "ಹೋಗಿರೋದು ವಾಪಸ್ಸು ಬರಲ್ಲ ಮೇಷ್ಟ್ರೇ. ಉಳಿದಿರೋದು ಬೇಗ ಹೋಗದ ಹಾಗೆ ಔಷಧಿ ಕೊಡ್ತೀನಿ" ಎಂದರು ವೈದ್ಯೆ. ಹಿಂದಿರುಗುವಾಗ ವಸುಧಾ ಕಾರು ಓಡಿಸುತ್ತ, ನಾವು ಹೆದ್ದಾರಿ ಬಿಟ್ಟು ಇಳಿಯಬೇಕಾದ ತಿರುವನ್ನು ದಾಟಿ ಬಹುದೂರ ಹೋದಳು.

ಈಗ ದೇವಸ್ಥಾನದಲ್ಲಿ ಯಾರಾದರೂ ಆರೋಗ್ಯ ವಿಚಾರಿಸಿದರೆ, "ಹಳೆಯ ಪಟ್ಟಿಯ ಪ್ರಕಾರ ಕ್ಷೇಮವಾಗಿದ್ದೇನೆ" ಎನ್ನುತ್ತೇನೆ. ಚಿಕ್ಕ ವಾಕ್ಯವೇ. ಆದರೂ ನಡುವೆ ಒಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಾಗುತ್ತದೆ.