ದಿನಸಿ ಕಾರ್ಡಿನ ಫೋನ್ ಯಂತ್ರಕ್ಕೆ ಒಂದು ಊಟದ ಕರೆ

ಮಾನ್ಯರೇ,

ಶಾಲಾ ಮಕ್ಕಳ ಬೇಸಿಗೆ ದಿನಸಿ ನೆರವಿನ ಉಚಿತ ದೂರವಾಣಿಯಲ್ಲಿ ಹಗಲಿರುಳೆನ್ನದೆ, ಒಂದೇ ಒಂದು ಸಲವೂ ಸಿಡುಕದೆ ಮಾತಾಡುವ ಯಂತ್ರವಾಣಿಯವರಾದ ತಮಗೆ, ಅಪಲಾಚಿಯಾ ಬೆಟ್ಟಗಳ ನಡುವಿನ ಸಾರೆಲ್ ಕೊಳ್ಳದಿಂದ ಹತ್ತೊಂಬತ್ತು ವರ್ಷದ ಟ್ವೈಲಾ ಕೊಂಬ್ಸ್ ಸಲ್ಲಿಸುವ ವಿನಯಪೂರ್ವಕ ವಂದನೆಗಳು. ಕಳೆದ ಮೂರು ವಾರಗಳಲ್ಲಿ ನಾವಿಬ್ಬರೂ ಇಪ್ಪತ್ತಮೂರು ಸಲ ಮಾತಾಡಿದ್ದೇವೆ. ನನ್ನನ್ನೇ ಮದುವೆಯಾಗುವುದಾಗಿ ಆಣೆ ಮಾಡಿದ್ದ ಹುಡುಗ ಕೂಡ ಇಷ್ಟು ಸಲ ನನ್ನ ಜೊತೆ ಮಾತಾಡಿರಲಿಲ್ಲ, 'ತಮ್ಮ ಕರೆ ನಮಗೆ ಅಮೂಲ್ಯ' ಎಂದು ಒಮ್ಮೆಯೂ ಹೇಳಿರಲಿಲ್ಲ. ಆದ್ದರಿಂದ ಸಲಿಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ, ಮನ್ನಿಸಬೇಕು.

ಮೊದಲು ತಮ್ಮ ಯೋಜನೆಯ ದೂರದೃಷ್ಟಿಯನ್ನು ಹೊಗಳಲೇಬೇಕು. ಶಾಲೆಗೆ ಬೇಸಿಗೆ ರಜೆ ಇರುತ್ತದೆ, ಹೊಟ್ಟೆಗೆ ಇರುವುದಿಲ್ಲ ಎಂಬ ಸತ್ಯವನ್ನು ಸರ್ಕಾರ ಕಂಡುಹಿಡಿದಿದೆ. ನಮ್ಮ ತಾಯಿ ನೋರೀನ್ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಳು, ಆದರೆ ಅವಳು ಶಾಲೆಯ ಅಡುಗೆಯವಳಾದ್ದರಿಂದ ಯಾರೂ ಅವಳನ್ನು ಕೇಳಲಿಲ್ಲ. ವರ್ಷದಲ್ಲಿ ಒಂಬತ್ತು ತಿಂಗಳು ಅವಳು ನಾನೂರು ಮಕ್ಕಳ ತಟ್ಟೆ ತುಂಬಿಸುತ್ತಾಳೆ. ಜೂನ್ ಬಂದ ಕೂಡಲೇ ಶಾಲೆಯ ಒಲೆ ಆರುತ್ತದೆ, ಅವಳ ಸಂಬಳವೂ ನಿಲ್ಲುತ್ತದೆ, ಮತ್ತು ನನ್ನ ತಂಗಿ ಎಂಟು ವರ್ಷದ ಡಾರ್ಲಾ ಮಾತ್ರ ಯಾವ ಸುತ್ತೋಲೆಗೂ ಕಿವಿಗೊಡದೆ ದಿನಕ್ಕೆ ಮೂರು ಹೊತ್ತು ಹಸಿಯುತ್ತಲೇ ಇರುತ್ತಾಳೆ. ಇಂಥ ಹಟಮಾರಿ ಮಕ್ಕಳಿಗಾಗಿಯೇ ತಾವು ಅಂಗಡಿಯಲ್ಲಿ ದಿನಸಿ ಕೊಳ್ಳಲು ಹಣ ತುಂಬಿದ ಕಾರ್ಡು ಕಳಿಸುತ್ತೀರಿ. ಧನ್ಯರಾದೆವು.

ಆದರೆ ಆ ಕಾರ್ಡನ್ನು ಕಳಿಸುವ ತಮ್ಮ ವಿನಯ ಸ್ವಲ್ಪ ಹೆಚ್ಚಾಯಿತು. ಜೂನ್ ಮೊದಲ ವಾರ ಬಂದದ್ದು ಒಂದು ಬಿಳಿ ಲಕೋಟೆ. ಮೇಲೆ ಸರ್ಕಾರದ ಮುದ್ರೆಯಿಲ್ಲ, ದಿನಸಿ ಎಂಬ ಮಾತಿಲ್ಲ, ಇರುವುದು ಮೂರನೇ ತರಗತಿಯ ಹುಡುಗಿಯ ಹೆಸರೊಂದೇ. ನಮ್ಮ ಅಜ್ಜಿ ಓಪಲ್ ಅದನ್ನು ಒಡೆದು, ಒಳಗೊಂದು ಪ್ಲಾಸ್ಟಿಕ್ ಕಾರ್ಡು ಕಂಡು ಕೆಂಡವಾದಳು. "ಎಂಟು ವರ್ಷದ ಕೂಸಿಗೆ ಸಾಲದ ಕಾರ್ಡು ಕಳಿಸ್ತಾರಲ್ಲೇ ಕಳ್ಳನನ್ಮಕ್ಳು! ಹಾಲು ಹಲ್ಲು ಬಿದ್ದಿಲ್ಲ ಇನ್ನೂ, ಬಡ್ಡಿ ಕಟ್ಟಬೇಕಂತಾ ಇವಳು?" ಎಂದು ಕೋಳಿ ಹೆಚ್ಚುವ ಕತ್ತರಿಯಿಂದ ಅದನ್ನು ನಾಲ್ಕು ತುಂಡು ಮಾಡಿದಳು. ಇಲ್ಲಿ ನಾನೊಂದು ತಪ್ಪೊಪ್ಪಿಗೆ ಬರೆದುಕೊಡಬೇಕು. 'ನೀವು ಕೇಳದೆ ಬಂದ ಕಾರ್ಡನ್ನು ಕೂಡಲೇ ಕತ್ತರಿಸಿ, ವಂಚಕರಿಂದ ಪಾರಾಗಿ' ಎಂಬ ಕರಪತ್ರವನ್ನು ಬಟ್ಟೆ ಒಗೆಯುವ ಅಂಗಡಿಯಿಂದ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳು ನಾನೇ. ಬಾಡಿಗೆದಾರರ ಹಕ್ಕು, ಗಣಿ ಕಾರ್ಮಿಕರ ಹಕ್ಕು, ನದಿಯ ಹಕ್ಕು ಎಂದು ನಾನು ತಂದ ಕರಪತ್ರಗಳು ಮನೆ ತುಂಬ ಇವೆ. ಅಜ್ಜಿ ಅಷ್ಟರಲ್ಲೂ ಆರಿಸಿ ಪಾಲಿಸಿದ್ದು ಅದೊಂದನ್ನೇ.

ಜುಲೈನಲ್ಲಿ ಅಮ್ಮ ಅಂಗಡಿಯ ಸರತಿಯಲ್ಲಿ ಪಕ್ಕದ ಮನೆಯವಳ ಕೈಯಲ್ಲಿ ಅಂಥದೇ ಕಾರ್ಡು ನೋಡಿದಾಗ ಅದು ದಿನಸಿಯ ಕಾರ್ಡೆಂದು ನಮಗೆ ಗೊತ್ತಾಯಿತು. ಕಸದಲ್ಲಿ ಹೋದ ಮೂರು ತುಂಡು ಹೋದವು. ನಾಲ್ಕನೆಯದು ಅಜ್ಜಿಯ ಎರಕದ ಬಾಣಲೆಯೊಳಗೆ ಸಿಕ್ಕಿತು. ಜೋಳದ ರೊಟ್ಟಿ ಬೇಯಿಸಿದ ಮೇಲೆ ತಳಕ್ಕೆ ಹತ್ತಿದ್ದನ್ನು ಕೆರೆಯಲು ಪ್ಲಾಸ್ಟಿಕ್ ತುಂಡಿಗಿಂತ ಒಳ್ಳೆಯದಿಲ್ಲವೆಂದು ಈ ಕೊಳ್ಳದ ಯಾವ ಮುದುಕಿಯಾದರೂ ಹೇಳುತ್ತಾಳೆ. ಉಪ್ಪು ಹಾಕಿ ವಾರಗಟ್ಟಲೆ ಕೆರೆದದ್ದರಿಂದ ಅದರ ಮೇಲಿನ ಅಂಕಿಗಳು ನುಣ್ಣಗೆ ಸವೆದಿದ್ದವು. "ನಂಗೇನು ಗೊತ್ತು? ದಿನಸಿ ಅಂತ ಮೇಲೆ ಬರೀಬಾರ್ದಿತ್ತಾ?" ಎಂದಳು ಅಜ್ಜಿ. ಮಾನ್ಯರೇ, ಇಷ್ಟು ಕರಪತ್ರ ಓದಿದ ಮೇಲೂ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಸಿಕ್ಕಿಲ್ಲ.

ಅಂದಿನಿಂದ ನಾನು ತಮ್ಮ ಸೇವೆಯಲ್ಲಿದ್ದೇನೆ. ಕಾರ್ಡಿನ ಸಂಖ್ಯೆ ಹೇಳಿ ಎಂದಿರಿ. ಅದಿಲ್ಲದಿದ್ದರೆ ಮಗುವಿನ ಶಾಲಾ ಸಂಖ್ಯೆ ಒತ್ತಿ ಎಂದಿರಿ. ಅದೂ ಇಲ್ಲದಿದ್ದರೆ ಶಾಲೆಯ ಕಚೇರಿಯನ್ನು ಸಂಪರ್ಕಿಸಿ ಎಂದಿರಿ. ಸಂಪರ್ಕಿಸಿದೆ. ಅಲ್ಲಿದ್ದ ತಮ್ಮ ಸಂಬಂಧಿಕರೊಬ್ಬರು, ಧ್ವನಿ ಕೇಳಿದರೆ ತಮ್ಮ ತಂಗಿಯೇ ಇರಬೇಕು, ಬೇಸಿಗೆ ರಜೆಯ ಕಾರಣ ಕಚೇರಿ ಮುಚ್ಚಿದೆಯೆಂದು ಮಧುರವಾಗಿ ತಿಳಿಸಿದರು. ಬೇಸಿಗೆಯ ನೆರವಿಗೆ ಬೇಕಾದ ಸಂಖ್ಯೆಯನ್ನು ಬೇಸಿಗೆಯಲ್ಲಿ ಮುಚ್ಚಿರುವ ಕಪಾಟಿನೊಳಗೆ ಇಟ್ಟ ಮಹಾನುಭಾವರು ಯಾರೋ, ಅವರ ಹೆಸರಿನಲ್ಲಿ ಊರಿನ ಸೇತುವೆಯೊಂದನ್ನು ಕಟ್ಟಿಸಬೇಕು, ಎರಡೂ ದಡ ಮುಟ್ಟದ ಹಾಗೆ. ಇದರ ಮೇಲೆ ತಾವು ಪ್ರತಿ ಕರೆಯ ಕೊನೆಗೆ ಇನ್ನೊಂದು ಮಾತನ್ನು ನೆನಪಿಸುತ್ತಿದ್ದಿರಿ: ನಾಲ್ಕು ತಿಂಗಳಲ್ಲಿ ಬಳಸದ ನೆರವು ಸರ್ಕಾರಕ್ಕೆ ಮರಳುತ್ತದೆ, ಹೊಸ ಕಾರ್ಡು ಬಂದರೂ ಹಳೆಯ ಗಡುವೇ. ಆ ವಾರ ಅಮ್ಮ ರಾತ್ರಿಯ ಊಟಕ್ಕೆ ತನಗೆ ಹಸಿವಿಲ್ಲ ಎನ್ನತೊಡಗಿದ್ದಳು. ನಾನೂರು ಮಕ್ಕಳಿಗೆ ಬಡಿಸಿದ ಕೈ ಅದು, ಸುಳ್ಳನ್ನೂ ಅಷ್ಟೇ ಸಲೀಸಾಗಿ ಬಡಿಸುತ್ತದೆ.

ಇಪ್ಪತ್ತಮೂರನೆಯ ಕರೆಯಲ್ಲಿ ನಾನು ತಮ್ಮ ಮೇಲೆ ಕೂಗಾಡಿದ್ದು ತಮ್ಮ ದಾಖಲೆಯಲ್ಲಿರಬಹುದು. "ಆ ಹಾಳು ಶಾಲಾ ಸಂಖ್ಯೆ ಎಲ್ಲಿಂದ ತರ್ಲಿ ನಾನು!" ಎಂದೆ. ಮೆಟ್ಟಿಲ ಮೇಲೆ ಕೂತಿದ್ದ ಡಾರ್ಲಾ ತಲೆಯೆತ್ತಿ, "ಯಾಕಕ್ಕ ಕಿರುಚ್ತೀಯಾ? ನಂಗೊತ್ತು ಅದು," ಎಂದಳು.

"ನಿಂಗೆ ಹೇಗೇ ಗೊತ್ತು?"

"ಊಟದ ಸಾಲಲ್ಲಿ ದಿನಾ ಒತ್ತಲ್ವಾ? ಒತ್ತದಿದ್ರೆ ತಟ್ಟೆ ಕೊಡಲ್ಲ. ಅಮ್ಮನೇ ನಿಂತಿರ್ತಾಳೆ, ಕೇಳು ಬೇಕಾದ್ರೆ."

ಅಮ್ಮ ಬಾಗಿಲಿಗೆ ಬಂದು ಹಣೆ ಬಡಿದುಕೊಂಡಳು. ಊಟದ ಸಾಲಿನ ಯಂತ್ರದ ಮೇಲೆ ನಾನೂರು ಮಕ್ಕಳು ಬೆರಳಿನಿಂದ ತಂತಮ್ಮ ಸಂಖ್ಯೆ ಒತ್ತುವುದನ್ನು ಹನ್ನೊಂದು ವರ್ಷ ನೋಡಿದವಳು ಅವಳು; ಆ 'ಊಟದ ನಂಬರೇ' ಕಾಗದಪತ್ರದ ಶಾಲಾ ಸಂಖ್ಯೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಡಾರ್ಲಾ ಫೋನ್ ತೆಗೆದುಕೊಂಡು ಕಣ್ಣು ಮುಚ್ಚಿ ಏಳು ಅಂಕಿ ಒತ್ತಿದಳು. ಹಸಿದ ಮಗು ಯಾವುದನ್ನು ಬಾಯಿಪಾಠ ಮಾಡುತ್ತದೆಂದು ತಮ್ಮ ಇಲಾಖೆ ಇದರಿಂದ ಕಲಿಯಬಹುದು. ತಾವು ಕೂಡಲೇ ಒಪ್ಪಿದಿರಿ. ಹೊಸ ಕಾರ್ಡು ಹತ್ತು ಕೆಲಸದ ದಿನಗಳಲ್ಲಿ ಬರುವುದೆಂದಿರಿ, ಅಂದರೆ ಶಾಲೆ ಮತ್ತೆ ತೆರೆದ ಮೂರನೆಯ ದಿನಕ್ಕೆ. ಮತ್ತೇನಾದರೂ ಸಹಾಯ ಬೇಕೇ ಎಂದು ಕೇಳಿದಿರಿ.

ನಮ್ಮ ಕೊಳ್ಳದಲ್ಲಿ ಉಪಕಾರ ಮಾಡಿದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಡಾರ್ಲಾ ಕೇಳಿದಳು: "ನಿಮ್ದು ಊಟ ಆಯ್ತಾ?"

"ಕ್ಷಮಿಸಿ, ಆ ಆಯ್ಕೆ ಲಭ್ಯವಿಲ್ಲ," ಎಂದಿರಿ.

ಅಂದಿನಿಂದ ತಮ್ಮ ಮೇಲಿನ ನನ್ನ ಸಿಟ್ಟು ತಮ್ಮನ್ನು ದಾಟಿ, ತಮಗೆ ಆ ಮಾತು ಕಲಿಸಿದವರ ಕಡೆ ಹೋಗಿದೆ. ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಮುಂದಿನ ವರ್ಷ ಲಕೋಟೆಯ ಮೇಲೆ 'ಇದು ಊಟ' ಎಂದು ಅಜ್ಜಿಯರ ಕನ್ನಡಕಕ್ಕೆ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆಸಿರಿ. ಅದು ಕಷ್ಟವಾದರೆ ಮಕ್ಕಳ ಹೊಟ್ಟೆಗಳನ್ನೂ ಜೂನ್ ಒಂದರಿಂದ ಮುಚ್ಚಿ, ಆಗಸ್ಟ್ ಮಧ್ಯದಲ್ಲಿ ಗಂಟೆ ಬಾರಿಸಿ ತೆರೆಯಲು ಆದೇಶ ಹೊರಡಿಸಿರಿ. ಎರಡೂ ಆಗದಿದ್ದರೆ ಆ ನಿಯಮ ಬರೆದವರನ್ನು ಕರೆದುಕೊಂಡು ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಬೀನ್ಸ್ ಸಾರು, ಜೋಳದ ರೊಟ್ಟಿ ಇರುತ್ತದೆ. ಬಾಗಿಲಲ್ಲಿ ಯಾರಿಗೂ ಸಂಖ್ಯೆ ಕೇಳುವುದಿಲ್ಲ.

ಇಂತು, ಇನ್ನೂ ತಮ್ಮ ಸರತಿಯಲ್ಲೇ ನಿಂತಿರುವ ತಮ್ಮ ವಿಶ್ವಾಸಿ,
ಟ್ವೈಲಾ ಕೊಂಬ್ಸ್

ಮರೆತ ಮಾತು: ಹಳೆಯ ಕಾರ್ಡಿನ ತುಂಡುಗಳೇನಾದರೂ ಇದ್ದರೆ ನಾಶಮಾಡಿ ಎಂದು ತಾವು ಹೇಳಿದ್ದನ್ನು ಅಜ್ಜಿಗೆ ತಿಳಿಸಿದೆ. ಅವಳು ಒಪ್ಪಲಿಲ್ಲ. ಈ ಬೇಸಿಗೆಯಲ್ಲಿ ಸರ್ಕಾರ ನಮ್ಮ ಅಡುಗೆಮನೆಗೆ ಕಳಿಸಿದ್ದರಲ್ಲಿ ಒಂದು ದಿನವೂ ತಪ್ಪದೆ ಕೆಲಸ ಮಾಡಿದ್ದು ಬಾಣಲೆ ಕೆರೆಯುವ ಆ ತುಂಡೊಂದೇ ಅಂತೆ.