ಶಾಂತಾಳ ಕಾಲಿಗೆ ಮೆಗ್ನೀಸಿಯಂ ತಗಡು

ಇಡೀ ಬೈಲಹೊಂಗಲ ತಾಲೂಕಿನಲ್ಲಿ ಮೆಗ್ನೀಸಿಯಂ ತಗಡಿನ ವಿಷಯ ಬಲ್ಲವನು ನಾನೊಬ್ಬನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎಪ್ಪತ್ತರ ದಶಕದ ಮಾತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಆ ಲೋಹವನ್ನು ರೋಲರಿನಲ್ಲಿ ಒತ್ತಿ ತಗಡು ಮಾಡಿ, ಬಾಗುತ್ತದೋ ಸೀಳುತ್ತದೋ ಎಂದು ಬರೆದಿಡುವುದೇ ನನ್ನ ನೌಕರಿ.

ತಂಗಿ ಶಾಂತಾಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲಿಗೆ ಕಬ್ಬಿಣದ ಆಸರೆ ಬಿಗಿದುಕೊಂಡೇ ಬಿ.ಎಡ್. ಮುಗಿಸಿದ್ದಳು. ನಾನು ರಜೆಗೆ ಊರಿಗೆ ಬಂದಾಗ, ಬರುವ ಸೋಮವಾರ ಸವದತ್ತಿಯ ಸಾಲೆಯೊಂದರಲ್ಲಿ ಅವಳಿಗೆ ಸಂದರ್ಶನವಿತ್ತು.

"ಈ ಕಬ್ಬಿಣ ಹೊತ್ತು ಹೊತ್ತು ಸಾಕಾಗೇತಿ ಅಣ್ಣಾ," ಎಂದಳು.

"ಹೂವಿನಂಥಾದ್ದು ಮಾಡಿಸಿ ಕೊಡತೇನಿ, ತಡಿ!" ಎಂದೆ.

ಅದಕ್ಕೆಂದೇ ಪ್ರಯೋಗಾಲಯದಲ್ಲಿ ಕೇಳಿ ಎರಡು ತುಂಡು ತಗಡು ತಂದಿದ್ದೆ: ಒಂದು ಆಸರೆಗೆ, ಇನ್ನೊಂದು ವ್ಯತ್ಯಾಸ ತೋರಿಸಿ ಬೀಗುವುದಕ್ಕೆ. ಒಂದಕ್ಕೆ ಸತು ಬೆರೆಸಿತ್ತು. ಅಂಥದ್ದನ್ನು ರೋಲರಿನಲ್ಲಿ ಒತ್ತಿದಾಗ ಒಳಗಿನ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ, ಬಾಗಿಸಹೋದರೆ ಸೀಳುತ್ತದೆ. ಇನ್ನೊಂದಕ್ಕೆ ಸೀರಿಯಂ ಎಂಬ ಅಪರೂಪದ ಲೋಹ ಚಿಟಿಕೆಯಷ್ಟು ಬಿದ್ದಿತ್ತು. ಅದರಲ್ಲಿ ಹರಳುಗಳು ಅಡ್ಡಾದಿಡ್ಡಿ ಮಲಗುವುದರಿಂದ ತಗಡು ಹೇಳಿದಂತೆ ಕೇಳುತ್ತದೆ. ಯಾವುದು ಯಾವುದೆಂದು ಸೀಮೆಸುಣ್ಣದಲ್ಲಿ ಬರೆದಿದ್ದೆ. ಹಾಸಿಗೆಯ ಸುರುಳಿಯಲ್ಲಿ ಅದು ಅಳಿಸಿಹೋಗಿತ್ತು. ಆದರೇನು? ತಜ್ಞನ ಕಣ್ಣಿದೆಯಲ್ಲ! ದಿಟ್ಟಿಸಿ ನೋಡಿ ಒಂದನ್ನು ಆರಿಸಿದೆ. ಇನ್ನೊಂದನ್ನು ಪಡಸಾಲೆಯ ಮೂಲೆಗೆ ಎಸೆದೆ.

ಕಮ್ಮಾರ ಈರಪ್ಪ ತಗಡನ್ನು ಕೈಯಲ್ಲಿ ತೂಗಿ ನೋಡಿದ. "ಭಾರೀ ಹಗೂರ ಐತ್ರಿ ಸಾಹೇಬ್ರ. ತಡೀತೈತೇನ್ರಿ?"

"ವಿಮಾನಕ್ಕ ತಡೀತೈತಿ, ಕಾಲಿಗೆ ತಡಿಯೂದಿಲ್ಲೇನು?"

ಅಂಚು ನಯ ಮಾಡಲು ನಾನೇ ಅರ ಹಿಡಿದು ಉಜ್ಜಿದೆ. ಪುಡಿಯೆಲ್ಲ ಕುಲುಮೆಯ ಪಕ್ಕ ಬಿತ್ತು. ಒಂದು ಕಿಡಿ ಹಾರಿತು. ಪುಡಿ ಹೊತ್ತಿಕೊಂಡು ಮಿಂಚು ಹೊಡೆದಂತೆ ಬೆಳಕು! ಈರಪ್ಪ ಬಾನಿಯ ನೀರೆತ್ತಿ ಸುರಿದ. "ನೀರು ಬ್ಯಾಡೋ!" ಎಂದು ನಾನು ಕೂಗುವಷ್ಟರಲ್ಲಿ ಢಮ್ಮೆಂದಿತು. ಈರಪ್ಪನ ಅರ್ಧ ಮೀಸೆ ಹೋಯಿತು.

ಉಳಿದ ಅರ್ಧ ಮೀಸೆಯಲ್ಲೇ ಅವನು ಕೆಲಸ ಮುಂದುವರಿಸಿದ. ತಣ್ಣಗಿರುವಾಗ ತಗಡು ಬಾಗಲೊಲ್ಲದು. ಹದವಾಗಿ ಕಾಸಿದ ಮೇಲೆ ಬಾಗಿತು. "ಸೀರಿಯಂ ಗುಣ!" ಎಂದು ನಾನು ಉಪನ್ಯಾಸ ಕೊಟ್ಟೆ.

ಭಾನುವಾರ ಶಾಂತಾ ಹೊಸ ಆಸರೆ ಬಿಗಿದುಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದಳು. ಅವಳು ಹಾಗೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಗಲೇ ನನ್ನ ಕಣ್ಣು ತುಳಸಿಕಟ್ಟೆಯ ಕಡೆ ಹೋಯಿತು. ನಾನೆಸೆದ ತಗಡು ದೀಪಕ್ಕೆ ಗಾಳಿಮರೆಯಾಗಿ ದುಂಡಗೆ ನಿಂತಿತ್ತು.

"ಅವ್ವಾ, ಇದನ್ನ ಯಾರು ಬಾಗಿಸಿದ್ರು?"

"ನಾನಽ. ಕೈಲೆ ಒತ್ತಿದೆ, ಬಾಗಿತು."

ಕಾಸದೆಯೇ ಬಾಗಿದ್ದು ಅದು! ಸೀರಿಯಂ ಅಲ್ಲಿದೆ, ಸತು ತಂಗಿಯ ಕಾಲಿನಲ್ಲಿದೆ. ಹೇಳಬೇಕಿತ್ತು. ಶಾಂತಾ ಐದನೆಯ ಸುತ್ತು ಹಾಕುತ್ತಿದ್ದಳು. ತಜ್ಞ ಬಾಯಿ ಮುಚ್ಚಿಕೊಂಡ.

ಸೋಮವಾರ ಸವದತ್ತಿಯಲ್ಲಿ ನನ್ನ ಹಿಂದೆಯೇ ಬಸ್ಸಿನ ಮೆಟ್ಟಿಲಿಳಿದು ಕಾಲೂರಿದಳು. ಚಟ್! ತಗಡು ಉದ್ದಕ್ಕೂ ಸೀಳಿತು. ಜನರ ನಡುವೆ ಮುಗ್ಗರಿಸಿ ಬಿದ್ದಳು. ಮೊಣಕೈ ತರಚಿತು, ಸೀರೆ ಹರಿಯಿತು.

"ಹಳೇ ಕಬ್ಬಿಣದ್ದು ತಂದೀಯೇನು ಅಣ್ಣಾ?"

ತಂದಿರಲಿಲ್ಲ. ನನ್ನ ಹೆಗಲಿಗೆ ಜೋತುಬಿದ್ದೇ ಸಾಲೆ ತಲುಪಿದಳು. ಸಂದರ್ಶನಕ್ಕೆ ಕುಳಿತವರು ಹರಿದ ಸೀರೆ ನೋಡಿದರು, ಕಾಲು ನೋಡಿದರು, ಎರಡು ಪ್ರಶ್ನೆ ಕೇಳಿ ಕಳಿಸಿದರು. ಆ ನೌಕರಿ ಬೇರೆಯವರಿಗೆ ಹೋಯಿತು.

ಮರಳುವ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ, ಭಾನುವಾರದ ಮೌನವನ್ನೂ ಸೇರಿಸಿ. ಮುರಗೋಡದಲ್ಲಿ ಬಸ್ಸು ನಿಂತಾಗ ಅವಳು ಹರಿದ ಸೀರೆಗೆ ಪಿನ್ನು ಚುಚ್ಚಿಕೊಂಡಳು. ಆಮೇಲೆ ಕೇಳಿದಳು:

"ಬೆಂಗಳೂರಾಗ ನಿನ್ನ ಸಂದರ್ಶನ ಮಾಡಿದವರು ಇನ್ನೂ ಅದಾರೇನು?"

"ಅದಾರ. ಯಾಕ?"

"ಅವರ ವಿಳಾಸ ಕೊಡು. ಒಂದು ಅರ್ಜಿ ಹಾಕತೇನಿ. ನಿನ್ನ ತಗೊಂಡೋರು ಯಾರನ್ನಾದರೂ ತಗೋತಾರ."

ಬಸ್ ಟಿಕೇಟಿನ ಹಿಂದೆ ವಿಳಾಸ ಬರೆದುಕೊಟ್ಟೆ.