ಗಿಲಾವು ಮೇಸ್ತ್ರಿಯ ಕೇಕು

ಎಲ್ಲ ಅನರ್ಥಕ್ಕೂ ಕಾರಣ ಎದುರುಮನೆಯ ಟೈಲರ್. ಬೆಳಗ್ಗೆ ಮೇಸ್ತ್ರಿಯವರು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದಾಗ ಅವನು ಮೊಬೈಲು ಹಿಡಿದುಕೊಂಡು ರಸ್ತೆ ದಾಟಿ ಓಡಿಬಂದ.

"ಮೇಸ್ತ್ರಿಗಳೇ, ನಿಮ್ಮ ಹೆಸರು ರಿಜಿಸ್ಟರಿಗೆ ಬಂತು!"

ಮೇಸ್ತ್ರಿಯವರು ಬಾಯಲ್ಲಿದ್ದ ನೊರೆಯನ್ನು ಸಂತೋಷದಿಂದ ನುಂಗಿಬಿಟ್ಟರು.

ದೇಶದಲ್ಲಿ ಯಾರು ಯಾವ ಕಸುಬು ಬಲ್ಲರು ಎಂಬುದನ್ನು ಒಂದೇ ಕಡೆ ಬರೆದಿಡುವ ರಾಷ್ಟ್ರೀಯ ರಿಜಿಸ್ಟರು ಅದು. ವೈದ್ಯರಿಂದ ಹಿಡಿದು ಬೆಸುಗೆ ಹಾಕುವವರ ತನಕ ಎಲ್ಲರಿಗೂ ಅದರಲ್ಲಿ ಜಾಗವಿತ್ತು. ಕಾಲೇಜಿನಲ್ಲಿ ಕಲಿತರೂ ಸರಿ, ಅಪ್ಪನ ಪಕ್ಕ ನಿಂತು ಕಲಿತರೂ ಸರಿ; ಪರೀಕ್ಷಕರ ಮುಂದೆ ಕೆಲಸ ಮಾಡಿ ತೋರಿಸಿದರೆ ಒಂದು ನಂಬರು ಕೊಟ್ಟು, ಇಷ್ಟನೇ ಹಂತ ಎಂದು ಬರೆಯುತ್ತಿದ್ದರು. ಆ ನಂಬರು ಒತ್ತಿದರೆ ಯಾವ ಊರಿನವರು ಬೇಕಾದರೂ ನಿಮ್ಮ ವಿದ್ಯೆಯನ್ನು ಕಾಣಬಹುದಿತ್ತು.

ಮೇಸ್ತ್ರಿಯವರು ಗೋಡೆಗೆ ಸಿಮೆಂಟು ಬಳಿದು ನುಣುಪುಮಾಡುವ ಗಿಲಾವಿನ ಕೆಲಸ ಕಲಿತದ್ದು ಅಪ್ಪನಿಂದ. "ಕರಣೆ ಹಿಡಿದಾಗ ದೇವರು ಹಿಂದೆ ನಿಂತು ನೋಡ್ತಿದ್ದಾನೆ ಅಂದ್ಕೋ ಮಗಾ" ಎನ್ನುತ್ತಿದ್ದ ಆ ಹಿರಿಯ ಜೀವ ಹೋದ ವರ್ಷ ಕಣ್ಣು ಮುಚ್ಚಿತ್ತು. ಅಪ್ಪನ ವಿದ್ಯೆಗೆ ದೇಶವೇ ಮುದ್ರೆ ಒತ್ತಲಿ ಎಂದು ಮಗ ಹೋದ ತಿಂಗಳು ಪರೀಕ್ಷೆಗೆ ಗೋಡೆ ಬಳಿದು ಬಂದಿದ್ದರು. ಇನ್ನೊಂದು ಕಾರಣವೂ ಇತ್ತು. ಊರಲ್ಲಿ ಏಳುತ್ತಿದ್ದ ದೊಡ್ಡ ಆಸ್ಪತ್ರೆಗೆ ಗಿಲಾವಿನ ಮುಖ್ಯ ಮೇಸ್ತ್ರಿಯನ್ನು ಇವತ್ತು ಸಂಜೆ ಗೊತ್ತುಮಾಡುವುದಿತ್ತು. ರಿಜಿಸ್ಟರಿನಲ್ಲಿ ಇಲ್ಲದವರು ಗೋಡೆ ಮುಟ್ಟುವ ಹಾಗಿಲ್ಲ ಎಂದು ಕಂಟ್ರಾಕ್ಟರ್ ಖಡಾಖಂಡಿತವಾಗಿ ಹೇಳಿದ್ದರು.

"ಓದಯ್ಯ, ಓದು, ಗಟ್ಟಿಯಾಗಿ ಓದು. ಬೀದಿಗೆಲ್ಲ ಕೇಳಲಿ."

ಟೈಲರ್ ಗಂಟಲು ಸರಿಮಾಡಿಕೊಂಡ. "ನಾಲ್ಕನೇ ಹಂತ. ಕೇಕ್ ಅಲಂಕಾರ."

"ಇನ್ನೊಂದ್ಸಲ ಓದು."

"ಎಷ್ಟು ಸಲ ಓದಿದ್ರೂ ಕೇಕೇ, ಮೇಸ್ತ್ರಿಗಳೇ."

ಒಳಗಿನಿಂದ ಹೆಂಡತಿ ಬಂದಳು. "ಯಾರು, ಇವರಾ? ಮದುವೆಯಾದಾಗಿಂದ ಒಂದು ದಿನ ನೀರು ಕಾಯಿಸಿದ ಪುಣ್ಯಾತ್ಮ ಅಲ್ಲ. ಕೇಕಂತೆ!"

ಟೈಲರ್‌ನ ಬಾಯಿ ಅವನ ಹೊಲಿಗೆ ಯಂತ್ರದ ಹಾಗೆ, ಒಮ್ಮೆ ಶುರುವಾದರೆ ದಾರ ಮುಗಿಯುವ ತನಕ ನಿಲ್ಲದು. ಮೇಸ್ತ್ರಿಯವರು ಅಂಗಿ ತೊಟ್ಟು ಹೊರಡುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಮೂಲೆಮನೆಯ ಅಜ್ಜಿ ಅಡ್ಡ ನಿಂತು, "ಇಷ್ಟು ವರ್ಷ ಮುಚ್ಚಿಟ್ಟಿದ್ಯಲ್ಲೋ ಕಳ್ಳ! ನಾಡಿದ್ದು ಮರಿಮಗ ಹುಟ್ಟಿದ ದಿನ. ಒಂದು ರೈಲು ಮಾಡ್ಕೊಡು. ಹೊಗೆ ಬಿಡ್ತಾ ಇರ್ಬೇಕು" ಎಂದಳು.

ರಿಜಿಸ್ಟರ್ ಕಚೇರಿಯ ಅಧಿಕಾರಿಣಿ ಪರದೆ ನೋಡಿ ನಾಲಿಗೆ ಕಚ್ಚಿಕೊಂಡರು. "ತಪ್ಪಾಗಿದೆ ಮೇಸ್ತ್ರಿಗಳೇ. ಯಾರದೋ ಫಲಿತಾಂಶ ನಿಮ್ಮ ನಂಬರಲ್ಲಿ ಬಂದು ಕೂತಿದೆ."

"ಅಷ್ಟೇ ತಾನೆ? ಅಳಿಸಿಬಿಡಿ ತಾಯಿ."

"ಹಾಗೆ ಅಳಿಸೋಕಾಗಲ್ಲ. ಇವತ್ತು ನಿಮ್ಮ ಮಾತಿಗೆ ಅಳಿಸಿದ್ರೆ, ನಾಳೆ ಯಾರ ವಿದ್ಯೆಯನ್ನ ಯಾರು ಬೇಕಾದ್ರೂ ಬಂದು ಅಳಿಸಿಸ್ತಾರೆ. ಇದರೊಳಗೆ ಬರೋಕೂ ಪರೀಕ್ಷೆ, ಹೊರಗೆ ಹೋಗೋಕೂ ಪರೀಕ್ಷೆ. ಮಹಡಿ ಮೇಲೆ ಇವತ್ತೇ ಕೇಕಿನ ಪರೀಕ್ಷೆ ಇದೆ. ಕೂತ್ಕೊಳ್ಳಿ, ಫೇಲಾಗಿ, ಇಳಿದು ಬನ್ನಿ. ಕೇಕು ತೆಗೆದು ಗಿಲಾವು ಸೇರಿಸ್ತೀನಿ."

"ಫೇಲಾಗೋದು ಯಾವ ಮಹಾ ಕೆಲಸ" ಎಂದ ಜೊತೆಗೆ ಬಂದಿದ್ದ ಟೈಲರ್. "ಸ್ಕೂಲಲ್ಲಿ ಇಬ್ಬರಿಗೂ ಒಳ್ಳೇ ಅಭ್ಯಾಸ ಆಗಿದೆ."

ಮಹಡಿಯಲ್ಲಿ ಮೇಸ್ತ್ರಿಯವರ ಮುಂದೆ ಒಂದು ಬೋಳು ಕೇಕು, ಒಂದು ಬಟ್ಟಲು ಬಿಳಿ ಕೆನೆ, ಚಪ್ಪಟೆ ಚಾಕು ಇಟ್ಟರು. ಮೇಸ್ತ್ರಿಯವರು ಕಣ್ಣು ಮುಚ್ಚಿ ಒಂದು ಹಿಡಿ ಕೆನೆಯನ್ನು ಕೇಕಿನ ನೆತ್ತಿಗೆ ಬಡಿದರು. ಅದು ಹಲ್ಲುನೋವಿನವರ ಕೆನ್ನೆಯ ಹಾಗೆ ಒಂದು ಕಡೆ ಊದಿಕೊಂಡು ಕೂತಿತು. ಕೆಲಸ ಮುಗಿದಿತ್ತು, ಎದ್ದು ಬಂದಿದ್ದರೆ ಸಾಕಿತ್ತು.

"ಏಳಿ, ಏಳಿ! ಚೆನ್ನಾಗಿ ಕೆಟ್ಟಿದೆ!" ಎಂದು ಟೈಲರ್ ಕಿಟಕಿಯಿಂದ ಪಿಸುಗುಟ್ಟಿದ.

"ಎಡಗಡೆ ಸ್ವಲ್ಪ ಉಬ್ಬಿದೆ ಕಣಯ್ಯ."

"ಉಬ್ಲಿ ಬಿಡಿ!"

"ಅಷ್ಟು ಸರಿಮಾಡಿ ಬಂದ್ಬಿಡ್ತೀನಿ. ಜನ ನೋಡ್ತಾರೆ."

ಅಷ್ಟೇ. ಚಾಕು ಕೈಗೆ ಬಂದದ್ದು ಗೊತ್ತು, ಆಮೇಲಿನದು ಅವರಿಗೆ ಗೊತ್ತಿಲ್ಲ. ಎಡ ಸರಿಮಾಡಿದರೆ ಬಲ ತಗ್ಗು ಕಂಡಿತು. ಬಲ ತುಂಬಿದರೆ ಅಂಚು ಸೊಟ್ಟ ಕಂಡಿತು. ಚೀಲದಿಂದ ರಸಮಟ್ಟ ತೆಗೆದು ಕೇಕಿನ ಮೇಲೆ ಹಿಡಿದರು. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವ ತನಕ ತಲೆ ಎತ್ತಲಿಲ್ಲ.

ದಪ್ಪ ಮೀಸೆಯ ಪರೀಕ್ಷಕರು ಬಂದು ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದನ್ನು ಮುಚ್ಚಿ ನೋಡಿದರು. "ಕನ್ನಡಿ ಸ್ವಾಮಿ, ಕನ್ನಡಿ! ಇದರಲ್ಲಿ ಮೀಸೆ ತಿರುವಿಕೊಳ್ಳಬಹುದು. ನಾಲ್ಕಲ್ಲ, ನಿಮಗೆ ಐದನೇ ಹಂತ!"

"ತಮ್ಮ ಆಶೀರ್ವಾದ ಸಾರ್" ಎಂದು ಎದೆಯುಬ್ಬಿಸಿ ಕೈಮುಗಿದ ಮೇಲೆ ಮೇಸ್ತ್ರಿಯವರಿಗೆ ತಾವು ಬಂದ ಕೆಲಸ ನೆನಪಾಯಿತು.

"ಫೇಲಾಗೋಕೆ ಬಂದು ಬಡ್ತಿ ತಗೊಂಡ್ರಲ್ಲ, ಮಹಾರಾಯರೇ!" ಎಂದು ಟೈಲರ್ ಹಣೆ ಚಚ್ಚಿಕೊಂಡ.

ಅಧಿಕಾರಿಣಿ ಬೈಯಲಿಲ್ಲ. "ಹೋಗ್ಲಿ ಬಿಡಿ. ಒಬ್ಬರಿಗೆ ಎರಡು ಕಸುಬು ಇದ್ರೂ ರಿಜಿಸ್ಟರು ಬೇಡ ಅನ್ನಲ್ಲ. ನಿಮ್ಮ ಗಿಲಾವು ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಗೊತ್ತಾಗಿದೆ. ಇನ್ನೊಂದು ಗಂಟೆಯಲ್ಲಿ ಬಿಡಿಸಿ ಕೊಡ್ತೀನಿ. ನೀವು ಮಾತ್ರ ದಯವಿಟ್ಟು ಏನೂ ಮಾಡ್ಬೇಡಿ. ಹಿತ್ತಲಲ್ಲಿ ಗಾಳಿ ಇದೆ, ಸುಮ್ಮನೆ ಕೂತಿರಿ."

ಟೈಲರ್ ಚಹಾ ಹುಡುಕಿಕೊಂಡು ಹೋದ. ಮೇಸ್ತ್ರಿಯವರು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ಎದುರಿಗೊಂದು ಗಿಡ್ಡ ಗೋಡೆ. ಯಾರೋ ಆಗತಾನೆ ಗಿಲಾವು ಬಳಿದು, ಕೈ ತೊಳೆಯಲು ಹೋದಂತಿತ್ತು; ಕರಣೆ, ಕಲಸಿದ ಸಿಮೆಂಟು ಅಲ್ಲೇ ಇದ್ದವು. ಗೋಡೆಯೋ! ಎಮ್ಮೆ ಬೆನ್ನುಜ್ಜಿ ಹೋಗಿದ್ದರೂ ಇದಕ್ಕಿಂತ ಸಮ ಇರುತ್ತಿತ್ತು.

ಅವರು ಬೆನ್ನು ತಿರುಗಿಸಿ ಕೂತರು. ಬೆನ್ನಿಗೂ ಆ ಗೋಡೆ ಕಂಡಂತಾಯಿತು. 'ಅಪ್ಪ ಇದ್ದಿದ್ದರೆ ಇದನ್ನು ನೋಡಿಕೊಂಡು ಸುಮ್ಮನಿರುತ್ತಿದ್ದನೇ?' ಎಂದುಕೊಂಡರು. ಹಸಿ ಆರಿದರೆ ಈ ಪಾಪ ಶಾಶ್ವತವಾಗಿ ನಿಂತುಬಿಡುತ್ತದಲ್ಲ! ಮೆಲ್ಲನೆದ್ದು ಕರಣೆ ಹಿಡಿದರು.

ಕೊನೆಯ ಬಾರಿ ನೀರು ಚಿಮುಕಿಸಿ ಸವರುತ್ತಿದ್ದಾಗ ಹಿಂದೆ ಕಿರುಚಿದ್ದು ಕೇಳಿಸಿತು.

"ಅಯ್ಯೋ! ನನ್ನ ಗೋಡೆಗೆ ಏನಾಯ್ತು!"

ಮೊಣಕೈ ತನಕ ಸಿಮೆಂಟು ಮೆತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ಅವಳ ಹಿಂದೆಯೇ ಗಿಲಾವಿನ ಪರೀಕ್ಷಕರು, ಆಸ್ಪತ್ರೆಯ ಕಂಟ್ರಾಕ್ಟರ್ ಬಂದರು. ಪರೀಕ್ಷಕರು ಹತ್ತಿರ ಬಂದು ಗೋಡೆಯನ್ನು ಬಗ್ಗಿ, ಓರೆಯಾಗಿ, ಕೂತು, ನಿಂತು ನೋಡಿದರು. "ಅಮ್ಮಾ, ಇಂಥ ಕೈ ನಾನು ನೋಡಿಲ್ಲ. ಪಾಸು!"

"ಬೇಡ ಸಾರ್, ನಾನು ಬೇಕರಿಯವಳು!" ಹೆಂಗಸು ಅಳುವಂತಾದಳು. "ನನ್ನ ಕೇಕಿನ ಪಾಸು ಯಾರೋ ಮೇಸ್ತ್ರಿಗೆ ಹೋಗಿ, ಅವರ ಗಿಲಾವು ನನಗೆ ಬಂದಿದೆ. ನಾನು ಫೇಲಾದ್ರೆ ಅವರದು ಅವರಿಗೆ ವಾಪಸ್ಸು ಹೋಗುತ್ತೆ ಅಂದ್ರು. ಅದಕ್ಕೇ ಕೈಲಾದಷ್ಟು ಕೆಡಿಸಿಟ್ಟು ಹೋಗಿದ್ದೆ!"

ಮೇಸ್ತ್ರಿಯವರು ಕರಣೆ ಹಿಡಿದುಕೊಂಡೇ ಮುಂದೆ ಓಡಿಬಂದರು. "ಸಾರ್, ಆ ಮೇಸ್ತ್ರಿ ನಾನೇ. ಈ ಗೋಡೆ ಬಳಿದದ್ದೂ ನಾನೇ!"

"ನಂಬರು ಹೇಳಿ." ಪರೀಕ್ಷಕರು ಮೊಬೈಲಿನಲ್ಲಿ ಒತ್ತಿ ನೋಡಿ ನಕ್ಕರು. "ಕೇಕ್ ಅಲಂಕಾರ, ಐದನೇ ಹಂತ. ಈಗಷ್ಟೇ ಸೇರಿದೆ. ಯಜಮಾನ್ರೇ, ನಿಮ್ಮ ಮಾತು ನಂಬಲೋ, ರಿಜಿಸ್ಟರು ನಂಬಲೋ?"

"ಇನ್ನೊಂದು ಗೋಡೆ ಬಳಿದು ತೋರಿಸ್ತೀನಿ!"

"ಧಾರಾಳವಾಗಿ. ಮುಂದಿನ ಪರೀಕ್ಷೆ ಮಳೆಗಾಲ ಕಳೆದ ಮೇಲೆ." ಪರೀಕ್ಷಕರು ಹೆಂಗಸಿನ ಕಡೆ ತಿರುಗಿ, "ಮತ್ತೆ ನೀವಮ್ಮಾ, ದೊಡ್ಡ ಕಸುಬುದಾರರಿಗೆಲ್ಲ ಇಷ್ಟು ವಿನಯ ಇರೋದೇ" ಎಂದರು.

"ನಾಳೆ ಬೆಳಗ್ಗೆ ಬಂದ್ಬಿಡಿ. ಆಸ್ಪತ್ರೆಗೆ ಮುಖ್ಯ ಮೇಸ್ತ್ರಿ ನೀವೇ" ಎಂದು ಕಂಟ್ರಾಕ್ಟರ್ ಆಕೆಗೆ ಕೈಮುಗಿದರು. ಬೇಕರಿಯಾಕೆ ಮೇಸ್ತ್ರಿಯವರ ಮುಖ ನೋಡಿದಳು; ಮೇಸ್ತ್ರಿಯವರು ಆಕೆಯ ಮುಖ ನೋಡಿದರು.

ಹೊರಟಿದ್ದ ಕಂಟ್ರಾಕ್ಟರ್ ಮೇಸ್ತ್ರಿಯವರ ಕಡೆ ತಿರುಗಿ ನಿಂತರು. "ಅಂದಹಾಗೆ, ನೀವು ಕೇಕಿನಲ್ಲಿ ಐದನೇ ಹಂತ ಅಲ್ವೇ? ಉದ್ಘಾಟನೆಗೆ ಒಂದು ದೊಡ್ಡ ಕೇಕು ಬೇಕು. ಥೇಟು ಆಸ್ಪತ್ರೆ ಕಟ್ಟಡದ ಹಾಗೇ ಇರ್ಬೇಕು. ನಿಮ್ಮ ಕೈಲಿ ಆಗುತ್ತಾ?"

ಆಗಲ್ಲ ಎಂದು ಹೇಳಲೆಂದೇ ಮೇಸ್ತ್ರಿಯವರು ಬಾಯಿ ತೆರೆದರು. ಅಷ್ಟರಲ್ಲಿ ಸಂಜೆಬಿಸಿಲು ಗೋಡೆಯ ಮೇಲೆ ಬಿತ್ತು. ಎಲ್ಲೂ ಒಂದು ನೆರಳಿಲ್ಲ, ಒಂದು ಗೆರೆಯಿಲ್ಲ. ಅದನ್ನೇ ನೋಡುತ್ತ ಅವರ ಬೆನ್ನು ತಾನಾಗಿ ನೆಟ್ಟಗಾಯಿತು.

"ಆಗದೆ ಏನು ಸಾರ್?" ಎಂದರು. "ಹೊರಗೋಡೆಗೆ ನಯ ಗಿಲಾವೋ, ತರಿ ಗಿಲಾವೋ?"